ಪೆಟ್ಟಿಗೆ ಮೇಷ್ಟ್ರ ಕಡೆಗೂ ಒಂದು ಕ್ಯಾಮೆರಾ

ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ರಾತ್ರಿಯಿಡೀ ನಡೆಯುವ ನಾಟಕದ ಹಾಡುಗಳು ಈಗ ಗಂಟೆಗಟ್ಟಲೆ ವಿಡಿಯೊಗಳಾಗಿ ಉಳಿಯುತ್ತಿವೆ. ಅವು ಬರೀ ರೆಕಾರ್ಡಿಂಗ್ ಆಗಿಯೇ ಇರಬೇಕೆ, ಸಂಗೀತದ ಸಿನಿಮಾ ಆಗಬಹುದೆ? ಜಗತ್ತಿನ ಒಳ್ಳೆಯ ಕಛೇರಿ ಚಿತ್ರಗಳನ್ನು ನೋಡಿದರೆ ದಾರಿ ಕಾಣುತ್ತದೆ.

ರಾಗಿ ಒಕ್ಕಣೆ ಮುಗಿದು ಕೈಯಲ್ಲಿ ಒಂದಿಷ್ಟು ಪುರುಸೊತ್ತು, ಒಂದಿಷ್ಟು ಕಾಸು ಸೇರಿತೆಂದರೆ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಪೌರಾಣಿಕ ನಾಟಕದ ಕಾಲ ಶುರು. ಬಸ್ ಸ್ಟ್ಯಾಂಡಿನಲ್ಲಿ, ಹಾಲಿನ ಡೇರಿ ಗೋಡೆಯ ಮೇಲೆ ‘ಕುರುಕ್ಷೇತ್ರ’ದ ಫ್ಲೆಕ್ಸುಗಳು ಏಳುತ್ತವೆ. ಕಿರೀಟ ತೊಟ್ಟ ಮುಖಗಳ ಕೆಳಗೆ ಹೆಸರು, ಹೆಸರಿನ ಕೆಳಗೆ ಪಾತ್ರ. ಭೀಮ ಬಸ್ ಡ್ರೈವರ್ ಆಗಿರಬಹುದು, ಶಕುನಿ ರೇಷ್ಮೆ ಮಗ್ಗದ ಮಾಲೀಕ, ಕರ್ಣ ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯ. ಇವರು ಸಂಭಾವನೆ ಪಡೆಯುವ ನಟರಲ್ಲ; ಪಾತ್ರಕ್ಕಾಗಿ ತಾವೇ ದುಡ್ಡು ಕಟ್ಟುವವರು. ದುರ್ಯೋಧನನಿಗೆ ಹೆಚ್ಚು, ಸೈಂಧವನಿಗೆ ಕಡಿಮೆ. ಆ ದುಡ್ಡಿನಲ್ಲಿ ಸೀನರಿ ಬರುತ್ತದೆ, ಡ್ರೆಸ್ ಬರುತ್ತದೆ, ದ್ರೌಪದಿ–ರುಕ್ಮಿಣಿಯರ ಪಾತ್ರಕ್ಕೆ ವೃತ್ತಿ ಕಲಾವಿದೆಯರು ಬರುತ್ತಾರೆ. ಮೈಕ್ ಸೆಟ್ಟು, ಜನರೇಟರ್ರು, ಊಟ ಎಲ್ಲ ಅದರಲ್ಲೇ.

ತಿಂಗಳುಗಟ್ಟಲೆ ಪ್ರಾಕ್ಟೀಸ್ ನಡೆಸಿ ಇವರನ್ನೆಲ್ಲ ಹಾಡುಗಾರರನ್ನಾಗಿ ಮಾಡುವವರು ನಾಟಕದ ಮೇಷ್ಟ್ರು. ಮೇಷ್ಟ್ರೆಂದರೆ ನಿರ್ದೇಶಕರೂ ಹೌದು, ಸಂಗೀತಗಾರರೂ ಹೌದು. ಕೈಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ, ಬಾಯಲ್ಲಿ ಮಾತು, ಪದ್ಯ, ಮಟ್ಟು ಎಲ್ಲವೂ. ರಾಗದ ಹೆಸರು ಕೇಳಿರದ ರೈತನ ಗಂಟಲಲ್ಲಿ ಮೋಹನವನ್ನೋ ಕಲ್ಯಾಣಿಯನ್ನೋ ಕೂರಿಸುವ ಕಲೆ ಅವರದು. ಬೆಳಗಿನ ಜಾವದ ಯುದ್ಧದ ಹೊತ್ತಿಗೆ ಪಾತ್ರಧಾರಿಯ ಶ್ರುತಿ ಜಾರಿದರೆ ಪೆಟ್ಟಿಗೆಯ ಸ್ವರವೇ ಮುಂದೆ ಹೋಗಿ ಅವನನ್ನು ಕೈಹಿಡಿದು ತರುತ್ತದೆ.

ಈ ನಾಟಕಗಳೆಲ್ಲ ಈಗ ಯೂಟ್ಯೂಬಿನಲ್ಲಿವೆ. ಮದುವೆ ವಿಡಿಯೊ ಮಾಡುವ ಹುಡುಗರೇ ಸೀಸನ್ನಿನಲ್ಲಿ ನಾಟಕದ ಚಾನೆಲ್ಲುಗಳನ್ನೂ ನಡೆಸುತ್ತಾರೆ. ವೇದಿಕೆಯ ಎದುರು ಟ್ರೈಪಾಡ್, ಮಿಕ್ಸರಿನಿಂದ ಕ್ಯಾಮೆರಾಕ್ಕೊಂದು ವೈರ್, ಭಾಗ 1, ಭಾಗ 2 ಎಂದು ಸಾಲಾಗಿ ಏರುವ ಫೈಲುಗಳು. ದುಬೈನಲ್ಲಿ ಕೆಲಸಕ್ಕಿರುವ ಮಗ ಅಪ್ಪನ ಅರ್ಜುನನನ್ನು ಅಲ್ಲಿಂದಲೇ ನೋಡಬಹುದು. ಹಾರ ಹಾಕಲು ಬರುವ ನೆಂಟರು, ನೋಟಿನ ಮಾಲೆ, ‘ಒನ್ಸ್ ಮೋರ್’ ಕೂಗು, ಮಧ್ಯೆ ಮೈಕಿನಲ್ಲಿ ದಾನಿಗಳ ಹೆಸರು — ಯಾವುದನ್ನೂ ಕತ್ತರಿಸಿರುವುದಿಲ್ಲ. ಆದರೆ ಫ್ಲೆಕ್ಸಿನಲ್ಲಿ ಫೋಟೊ ಸಮೇತ ಇರುವ ಮೇಷ್ಟ್ರು ವಿಡಿಯೊದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ದುಡ್ಡು ಕಟ್ಟಿದವನ ಮೇಲೆ ಕ್ಯಾಮೆರಾ ನೆಟ್ಟಿರುತ್ತದೆ. ಹಾಡನ್ನು ಹೊತ್ತು ನಿಂತವರು ಚೌಕಟ್ಟಿನ ಆಚೆ ಕೂತಿರುತ್ತಾರೆ.

ಹೊಲದಂಚಿನ ದೊಡ್ಡ ವೇದಿಕೆಗಳು

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಸಂಗೀತವೂ ಬಂದಿಳಿದಿದೆ. ಊರೊಳಗೆ ಜಾಗ ಸಾಲದ ಬೆಂಗಳೂರು ತನ್ನ ದೊಡ್ಡ ಕಾನ್ಸರ್ಟುಗಳನ್ನು ಹೊರಕ್ಕೆ ತಳ್ಳುತ್ತ ಬಂದಿದೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದ್ದವು. 2025ರ ಫೆಬ್ರುವರಿ 8 ಮತ್ತು 9ರಂದು ಎಡ್ ಶೀರನ್ ಹಾಡಿದ್ದು ತುಮಕೂರು ರಸ್ತೆಯಲ್ಲಿ, ನೆಲಮಂಗಲಕ್ಕೆ ಹೋಗುವ ಹಾದಿಯ ಮಾದಾವರದ ನೈಸ್ ಮೈದಾನದಲ್ಲಿ. ದೇವನಹಳ್ಳಿ ದಾರಿಯ ಕುದುರೆ ಸವಾರಿ ಶಾಲೆಯ ಅಂಗಳದಲ್ಲಿ ‘ಎಕೋಸ್ ಆಫ್ ಅರ್ತ್’ ಉತ್ಸವ ನಡೆಯುತ್ತದೆ; ಗುಜರಿ, ಬಿದಿರು, ಮರುಬಳಕೆಯ ವಸ್ತುಗಳಿಂದ ಅಲ್ಲಿ ಪ್ರಾಣಿಗಳ ಆಕಾರದ ವೇದಿಕೆಗಳು ಏಳುತ್ತವೆ. ಅಲ್ಲಿ ಕ್ರೇನಿಗೆ ಒಂದು ಕ್ಯಾಮೆರಾ, ಡ್ರೋನಿಗೆ ಒಂದು, ಡ್ರಮ್ಮರನ ಬೆನ್ನ ಹಿಂದೆ ಇನ್ನೊಂದು. ಮರುದಿನ ಬೆಳಗಾಗುವಷ್ಟರಲ್ಲಿ ಎರಡು ನಿಮಿಷದ ‘ಆಫ್ಟರ್ ಮೂವಿ’ ಫೋನಿಗೆ ಬಂದು ಬೀಳುತ್ತದೆ. ಬಾನಿಗೆ ಚಾಚಿದ ಕೈಗಳು, ಬೆಳಕು, ಹೊಗೆ, ಜಿಗಿತ. ಒಂದು ಹಾಡೂ ಪೂರ್ತಿ ಇರುವುದಿಲ್ಲ.

ಹಳ್ಳಿ ವಿಡಿಯೊದಲ್ಲಿ ಹಾಡು ಪೂರ್ತಿ ಇದೆ, ನೋಟವಿಲ್ಲ. ನಗರದ ವಿಡಿಯೊದಲ್ಲಿ ನೋಟ ಬೇಕಾದಷ್ಟಿದೆ, ಹಾಡಿಲ್ಲ. ಎರಡೂ ಇರುವ ಕಡೆ ಕಛೇರಿ ಚಿತ್ರ ಹುಟ್ಟುತ್ತದೆ.

ಕ್ಯಾಮೆರಾ ತಿರುಗಿದ ಕಡೆ

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮೂರು ದಿನದ ಪಾಪ್ ಉತ್ಸವ ನಡೆಯಿತು. ಡಿ.ಎ. ಪೆನ್ನೆಬೇಕರ್ ಅದನ್ನು ಚಿತ್ರೀಕರಿಸಿ ಮರುವರ್ಷ ‘ಮಾಂಟೆರೆ ಪಾಪ್’ ಎಂದು ಬಿಡುಗಡೆ ಮಾಡಿದರು. ಜಿಮಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಇಟ್ಟ ದೃಶ್ಯ ಈ ಚಿತ್ರದಲ್ಲೇ ಇರುವುದು. ಆದರೆ ಪೆನ್ನೆಬೇಕರ್ ಚಿತ್ರ ಮುಗಿಸಿದ್ದು ಬೆಂಕಿಯಿಂದಲ್ಲ, ರವಿಶಂಕರರ ಸಿತಾರಿನಿಂದ. ಕೊನೆಯ ಹದಿನೆಂಟು ನಿಮಿಷದಷ್ಟು ಹೊತ್ತು ಅವರದೇ. ಆ ಭಾಗದ ಆರಂಭ ನೋಡಬೇಕು. ಸಿತಾರ್ ಕೇಳಿಸುತ್ತಿರುತ್ತದೆ, ಸಿತಾರ್ ವಾದಕ ಕಾಣುವುದಿಲ್ಲ. ಹುಲ್ಲಿನ ಮೇಲೆ ಮಲಗಿದವರು, ಮುಖಕ್ಕೆ ಬಣ್ಣ ಬಳಿದುಕೊಂಡವರು, ತೂಕಡಿಸುವವರು, ಬಾಯಿ ಬಿಟ್ಟು ಕೇಳುತ್ತಿರುವ ಹೆಂಡ್ರಿಕ್ಸ್. ನಿಮಿಷಗಳು ಕಳೆದ ಮೇಲೆಯೇ ಕ್ಯಾಮೆರಾ ವೇದಿಕೆಗೆ ಬಂದು ಬೆರಳುಗಳನ್ನೂ ಅಲ್ಲಾರಖಾರ ತಬಲಾವನ್ನೂ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ನೋಡುಗನ ಕಿವಿ ತಯಾರಾಗಿರುತ್ತದೆ. ರಾಗಕ್ಕೆ ಆಲಾಪ ಏಕೆ ಬೇಕೆಂಬುದನ್ನು ಭಾಷಣವಿಲ್ಲದೆ ತಿಳಿಸಿದ ದೃಶ್ಯ ಅದು.

ಎರಡು ವರ್ಷದ ನಂತರದ ವುಡ್‌ಸ್ಟಾಕ್ ಉತ್ಸವವಂತೂ ನಡೆದದ್ದೇ ಹೊಲದಲ್ಲಿ. ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬ ಊರಿನ ಹೈನುಗಾರ ಮ್ಯಾಕ್ಸ್ ಯಾಸ್ಗರ್ ತನ್ನ ಹಸುಗಳ ಹುಲ್ಲುಗಾವಲನ್ನು ಬಾಡಿಗೆಗೆ ಕೊಟ್ಟಿದ್ದ. 1969ರ ಆಗಸ್ಟಿನಲ್ಲಿ ಲಕ್ಷಗಟ್ಟಲೆ ಜನ ಅಲ್ಲಿ ಬಂದು ಸೇರಿದರು. ಮೈಕೆಲ್ ವ್ಯಾಡ್ಲಿ ನಿರ್ದೇಶಿಸಿದ ಚಿತ್ರ 1970ರಲ್ಲಿ ಬಂತು, ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಗೆದ್ದಿತು. ಮೂರು ಗಂಟೆಯ ಆ ಚಿತ್ರದಲ್ಲಿ ನಕ್ಷತ್ರಗಳಿಗೆ ಕೊರತೆಯಿಲ್ಲ. ಆದರೂ ನೋಡಿದವರು ಮರೆಯದ ಒಬ್ಬ ಮನುಷ್ಯ ತಾತ್ಕಾಲಿಕ ಶೌಚಾಲಯಗಳನ್ನು ತೊಳೆಯುವವನು. ಕೆಲಸ ಮಾಡುತ್ತಲೇ ಮಾತಾಡುತ್ತಾನೆ: ಒಬ್ಬ ಮಗ ಇಲ್ಲೇ ಗುಂಪಿನಲ್ಲೆಲ್ಲೋ ಇದ್ದಾನೆ, ಇನ್ನೊಬ್ಬ ವಿಯೆಟ್ನಾಂ ಯುದ್ಧದಲ್ಲಿ. ಆ ಕಾಲದ ಅಮೆರಿಕವೆಲ್ಲ ಆ ಎರಡು ಮಾತಿನಲ್ಲಿದೆ. ಊರಿನ ಹಿರಿಯರನ್ನೂ ಕ್ಯಾಮೆರಾ ಮಾತಾಡಿಸುತ್ತದೆ. ಹುಡುಗರನ್ನು ಬೈಯುವವರಿದ್ದಾರೆ, ವಹಿಸಿಕೊಳ್ಳುವವರೂ ಇದ್ದಾರೆ. ದ್ರಾಕ್ಷಿ ತೋಟದ ಪಕ್ಕದಲ್ಲಿ ಕಾನ್ಸರ್ಟ್ ಸದ್ದು ಕೇಳುತ್ತ ಮಲಗುವ ದೇವನಹಳ್ಳಿ ಸೀಮೆಯ ರೈತರಿಗೂ ಹೇಳಲು ಮಾತಿರುತ್ತದೆ. ಆಫ್ಟರ್ ಮೂವಿಯವರು ಮೈಕ್ ಹಿಡಿಯಬೇಕು, ಅಷ್ಟೆ.

ಜನರನ್ನು ತೋರಿಸುವುದೇ ನಿಯಮವೆಂದೂ ಅಲ್ಲ. ಜೊನಾಥನ್ ಡೆಮಿ 1984ರಲ್ಲಿ ‘ಟಾಕಿಂಗ್ ಹೆಡ್ಸ್’ ತಂಡದ ಮೇಲೆ ಮಾಡಿದ ‘ಸ್ಟಾಪ್ ಮೇಕಿಂಗ್ ಸೆನ್ಸ್’ನಲ್ಲಿ ಪ್ರೇಕ್ಷಕರು ಕೊನೆಯವರೆಗೂ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ತಂಡದ ಗಾಯಕ ಡೇವಿಡ್ ಬರ್ನ್ ಬರಿದಾದ ವೇದಿಕೆಗೆ ಒಬ್ಬನೇ ನಡೆದು ಬರುತ್ತಾನೆ, ಟೇಪ್ ರೆಕಾರ್ಡರ್ ಇಡುತ್ತಾನೆ, ಹಾಡುತ್ತಾನೆ. ಹಾಡಿಗೊಬ್ಬರಂತೆ ಉಳಿದವರು ಸೇರುತ್ತಾರೆ. ಹಿಂದೆ ಕೆಲಸದವರು ಡ್ರಮ್ಮಿನ ಕಟ್ಟೆಯನ್ನು ನೂಕಿಕೊಂಡು ಬರುವುದೂ ಚಿತ್ರದ ಭಾಗ. ಕಛೇರಿ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದೇ ಇಲ್ಲಿಯ ಕಥೆ. ಸೀನರಿ ಕಟ್ಟುವವರು ಸಂಜೆ ನಾಲ್ಕರಿಂದ ಬೊಂಬು ನೆಟ್ಟು, ದರ್ಬಾರಿನ ಪರದೆ ಏರಿಸಿ, ಹಗ್ಗ ಎಳೆದು ನೋಡುವ ನಮ್ಮ ಹಳ್ಳಿ ರಂಗದಲ್ಲೂ ಇಂಥ ಆರಂಭಕ್ಕೆ ಸರಕು ತುಂಬಿದೆ.

ಶಾಸ್ತ್ರೀಯ ಸಂಗೀತವೂ ಥಿಯೇಟರಿಗೆ ಬಂದದ್ದುಂಟು. 2008ರ ‘ಮಾರ್ಗಳಿ ರಾಗಂ’ನಲ್ಲಿ ಬಾಂಬೆ ಜಯಶ್ರೀ, ಟಿ.ಎಂ. ಕೃಷ್ಣ ಹಾಡಿದರು, ಕ್ಯಾಮೆರಾ ಪಿ.ಸಿ. ಶ್ರೀರಾಮ್ ಅವರದು. ಟೇಲರ್ ಸ್ವಿಫ್ಟ್ ಅವರ ‘ಎರಾಸ್ ಟೂರ್’ 2023ರ ನವೆಂಬರ್ 3ರಂದು ಭಾರತದ ಮಲ್ಟಿಪ್ಲೆಕ್ಸುಗಳಿಗೆ ಬಂದಾಗ ಹುಡುಗಿಯರು ಸೀಟು ಬಿಟ್ಟೆದ್ದು ಹಾಡಿದರು. ಕಥೆಯಿಲ್ಲದ ಚಿತ್ರಕ್ಕೆ ಟಿಕೆಟ್ ಕೊಳ್ಳುವವರು ಕನ್ನಡದಲ್ಲೂ ಇದ್ದಾರೆಂಬುದು 2022ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಬಂದಾಗ ಗೊತ್ತಾಯಿತು. ಕಾಡು ಸುತ್ತುವ ಒಂದು ಸಾಕ್ಷ್ಯಚಿತ್ರಕ್ಕೆ ಚಿಕ್ಕ ಪಟ್ಟಣಗಳ ಟಾಕೀಸುಗಳಲ್ಲೂ ಜನ ಸೇರಿದರು.

ಕ್ಲ್ಯಾಪ್ ಹೊಡೆಯದ ತಪ್ಪಿಗೆ

ಒಳ್ಳೆಯ ಕಣ್ಣಿದ್ದೂ ಕೆಟ್ಟ ಕಥೆಯೊಂದಿದೆ. 1972ರ ಜನವರಿಯಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಭಕ್ತಿಗೀತೆ ಹಾಡಿದರು. ಧ್ವನಿಮುದ್ರಣ ‘ಅಮೇಜಿಂಗ್ ಗ್ರೇಸ್’ ಆಲ್ಬಂ ಆಗಿ ಅದೇ ವರ್ಷ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಚಿತ್ರೀಕರಣ ನಡೆಸಿದ್ದವರು ಸಿಡ್ನಿ ಪೊಲಾಕ್. ಕಥಾಚಿತ್ರಗಳಲ್ಲಿ ಕೈ ಪಳಗಿದ ನಿರ್ದೇಶಕ. ಆದರೆ ಅಲ್ಲಿ ಕ್ಲ್ಯಾಪ್ ಬೋರ್ಡ್ ಹೊಡೆಯಲಿಲ್ಲ. ಆಗ ಚಿತ್ರ ಬೇರೆ ರೀಲಿನಲ್ಲಿ, ಧ್ವನಿ ಬೇರೆ ಟೇಪಿನಲ್ಲಿ. ಹಲಗೆ ‘ಟಪ್’ ಎಂದ ಕ್ಷಣವನ್ನು ಎರಡರಲ್ಲೂ ಹುಡುಕಿ ಜೋಡಿಸಿದರೆ ಮಾತ್ರ ತುಟಿಗೂ ಹಾಡಿಗೂ ತಾಳೆ. ಆ ‘ಟಪ್’ ಇಲ್ಲದ್ದರಿಂದ ಸುಮಾರು 20 ಗಂಟೆಯ ಚಿತ್ರ ಡಬ್ಬದಲ್ಲೇ ಕೂತಿತು. ತುಟಿಯ ಚಲನೆ ಓದುವವರನ್ನು ಕರೆಸಿದರೂ ಆಗ ಬಗೆಹರಿಯಲಿಲ್ಲ. ದಶಕಗಳ ಮೇಲೆ ಡಿಜಿಟಲ್ ತಂತ್ರಜ್ಞಾನದ ನೆರವಿನಿಂದ ಅಲನ್ ಎಲಿಯಟ್ ಎಂಬುವರು ಜೋಡಿಸಿದರು. ಪರವಾನಗಿಯ ತಕರಾರೂ ಕಳೆದು ಚಿತ್ರ ತೆರೆ ಕಂಡಾಗ 2018. ಹಾಡಿದಾಕೆ ಆ ವರ್ಷದ ಆಗಸ್ಟಿನಲ್ಲೇ ತೀರಿಕೊಂಡಿದ್ದರು.

ಹಾರ್ಲೆಮ್‌ನ ಕಥೆ ಇನ್ನೊಂದು. ವುಡ್‌ಸ್ಟಾಕ್ ನಡೆದ ಅದೇ 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಕಪ್ಪುಜನರ ಕೇರಿಯ ಪಾರ್ಕಿನಲ್ಲಿ ಆರು ಭಾನುವಾರ ದೊಡ್ಡ ಸಂಗೀತೋತ್ಸವ ನಡೆಯಿತು. ಹಾಲ್ ಟಲ್ಚಿನ್ ಸುಮಾರು 40 ಗಂಟೆ ಚಿತ್ರೀಕರಿಸಿಟ್ಟರು. ಕೊಳ್ಳುವವರಿರಲಿಲ್ಲ. ಅರ್ಧ ಶತಮಾನದ ಮೇಲೆ ಸಂಗೀತಗಾರ ಕ್ವೆಸ್ಟ್‌ಲವ್ ಅದರಿಂದ ‘ಸಮ್ಮರ್ ಆಫ್ ಸೋಲ್’ ಮಾಡಿ 2022ರಲ್ಲಿ ಆಸ್ಕರ್ ಪಡೆದರು. ಅಂದು ಗುಂಪಿನಲ್ಲಿ ನಿಂತಿದ್ದ ಮಕ್ಕಳು ಈಗ ಮುದುಕರಾಗಿ ತಮ್ಮದೇ ಉತ್ಸವ ನೋಡುತ್ತ ಕಣ್ಣೀರಾಗುತ್ತಾರೆ. ಇಂಥ ಉತ್ಸವ ನಿಜಕ್ಕೂ ನಡೆದಿತ್ತೆಂದು ಇಷ್ಟು ದಿನ ತಮ್ಮ ಮಾತನ್ನು ನಂಬಿದವರೇ ಕಡಿಮೆ ಎಂಬ ನೋವು ಅದರಲ್ಲಿದೆ.

ನಮ್ಮ ನಾಟಕದ ವಿಡಿಯೊಗಳು ಡಬ್ಬದಲ್ಲಿಲ್ಲ ನಿಜ. ಆದರೆ ಫೋನು ಕೆಟ್ಟರೆ, ಚಾನೆಲ್ ಮುಚ್ಚಿದರೆ, ಹಾರ್ಡ್ ಡಿಸ್ಕ್ ಮೇಲೆ ಮುಂದಿನ ಸೀಸನ್ನಿನ ಮದುವೆ ಬಂದು ಕೂತರೆ ಅಲ್ಲಿಗೆ ಮುಗಿಯಿತು. ಗಣೇಶೋತ್ಸವ, ರಾಜ್ಯೋತ್ಸವದ ರಸಮಂಜರಿಗಳಿಗೆ ಇನ್ನೊಂದು ಕಂಟಕ. ಆರ್ಕೆಸ್ಟ್ರಾ ಹಾಡುವುದೆಲ್ಲ ಸಿನಿಮಾ ಹಾಡು, ಹಕ್ಕು ಆಡಿಯೊ ಕಂಪನಿಗಳದು. ಯೂಟ್ಯೂಬಿನ ಯಂತ್ರ ಮಟ್ಟು ಗುರುತು ಹಿಡಿದು ಧ್ವನಿ ಅಡಗಿಸುತ್ತದೆ, ಇಲ್ಲವೆ ಜಾಹೀರಾತಿನ ದುಡ್ಡನ್ನು ಹಕ್ಕುದಾರರಿಗೆ ತಿರುಗಿಸುತ್ತದೆ. ಕಂಪನಿ ನಾಟಕದ ಕಾಲದಿಂದ ಬಾಯಿಂದ ಬಾಯಿಗೆ ಬಂದ ಪದ್ಯಗಳಿಗೆ ಅಂಥ ಕಾಟ ಕಡಿಮೆ. ಅಷ್ಟರ ಮಟ್ಟಿಗೆ ನಾಟಕದ ಮೇಷ್ಟ್ರು ಬಚಾವು.

ಕನ್ನಡದ ಕೈಗಳು

ಕನ್ನಡ ಸೀಮೆಯ ಸಂಗೀತಕ್ಕೆ ಒಳ್ಳೆಯ ಸಾಕ್ಷ್ಯಚಿತ್ರಗಳ ಭಾಗ್ಯ ಇಲ್ಲದೇ ಇಲ್ಲ. ಗಿರೀಶ ಕಾರ್ನಾಡರು ‘ಕನಕ ಪುರಂದರ’ ಮಾಡಿದರು. 1988ರ ಸಾಲಿನ ಅತ್ಯುತ್ತಮ ಕಥೇತರ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ದಾಸರ ಧ್ವನಿಮುದ್ರಣವಿಲ್ಲ, ಫೋಟೊ ಇಲ್ಲ. ಉಳಿದಿರುವುದು ಜನರ ಬಾಯಲ್ಲಿರುವ ಹಾಡು. ಐದು ಶತಮಾನದ ಹಿಂದಿನವರ ಮೇಲೆ ಸಂಗೀತದ ಚಿತ್ರ ಮಾಡಲು ಹೊರಟವನು ಇವತ್ತು ಹಾಡುತ್ತಿರುವವರನ್ನೇ ಹುಡುಕಿಕೊಂಡು ಹೋಗಬೇಕು. ಮಲ್ಲಿಕಾರ್ಜುನ ಮನ್ಸೂರರ ಮೇಲೆ ನಂದನ್ ಕುಡ್ಯಾಡಿ ಮಾಡಿದ ‘ರಸಯಾತ್ರಾ’ ಕೂಡ 1994ರ ಸಾಲಿನಲ್ಲಿ ಅದೇ ಪ್ರಶಸ್ತಿ ಪಡೆಯಿತು. ಭೀಮಸೇನ ಜೋಶಿಯವರ ಮೇಲೆ ಗುಲ್ಜಾರ್, ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರ ಮೇಲೆ ಜಬ್ಬಾರ್ ಪಟೇಲ್ ಚಿತ್ರ ತೆಗೆದರು. ರಂಗಸಂಗೀತದ ಬಿ.ವಿ. ಕಾರಂತರ ಮೇಲೆ ರಾಮಚಂದ್ರ ಪಿ.ಎನ್. ಅವರ ‘ಬಾಬಾ’ 2012ರಲ್ಲಿ ಬಂತು. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ ಕಾರಂತರು ಕಲಿತ ಸಂಗೀತಕ್ಕೂ ನಮ್ಮ ನಾಟಕದ ಮೇಷ್ಟ್ರ ಸಂಗೀತಕ್ಕೂ ಬೇರು ಒಂದೇ ಕಡೆ. ಗುಬ್ಬಿ ವೀರಣ್ಣನವರು ಆನೆ, ಕುದುರೆಗಳನ್ನು ರಂಗಕ್ಕೆ ತಂದ ‘ಕುರುಕ್ಷೇತ್ರ’ದ ಗುಂಗು ತುಮಕೂರು, ನೆಲಮಂಗಲದ ಹಳ್ಳಿಗಳಲ್ಲಿ ಇನ್ನೂ ಇಳಿದಿಲ್ಲ.

ಈ ಸೀಮೆಗೆ ತೀರಾ ಹತ್ತಿರದ ಕೆಲಸ ನಡೆದದ್ದು ದೊಡ್ಡಬಳ್ಳಾಪುರ ರಸ್ತೆಯ ಯಲಹಂಕದಲ್ಲಿ. ಅಲ್ಲಿಯ ಸೃಷ್ಟಿ ಕಲಾ–ವಿನ್ಯಾಸ ಶಾಲೆಯಲ್ಲಿ 2003ರಲ್ಲಿ ಶಬನಂ ವಿರ್ಮಾನಿ ಕಬೀರ್ ಯೋಜನೆ ಶುರುಮಾಡಿದರು. ಹಿಂದಿನ ವರ್ಷದ ಗುಜರಾತ್ ಹಿಂಸೆಯನ್ನು ಅಹಮದಾಬಾದಿನಲ್ಲಿದ್ದು ಕಂಡಿದ್ದ ಅವರು ಕಬೀರನನ್ನು ಹುಡುಕಿಕೊಂಡು ಮಾಲ್ವಾ, ರಾಜಸ್ಥಾನ, ಪಾಕಿಸ್ತಾನದವರೆಗೆ ಹೋದರು. ಆರೇಳು ವರ್ಷದ ಅಲೆದಾಟ ನಾಲ್ಕು ಚಿತ್ರಗಳಾಯಿತು. ‘ಹದ್ ಅನ್‌ಹದ್’ನಲ್ಲಿ ಗಡಿ ದಾಟಿ ಕರಾಚಿಯ ಕವ್ವಾಲರ ಮನೆಗೆ ಹೋದರೆ, ‘ಕೋಯಿ ಸುನ್ತಾ ಹೈ’ನಲ್ಲಿ ಕುಮಾರ ಗಂಧರ್ವರ ಗಾಯನವನ್ನೂ ಅದು ಹುಟ್ಟಿದ ಜನಪದ ಹಾಡಿಕೆಯನ್ನೂ ಜತೆಜತೆಗೆ ಕೇಳಿಸುತ್ತಾರೆ. ‘ಕಬೀರಾ ಖಡಾ ಬಜಾರ್ ಮೇ’ ಚಿತ್ರದಲ್ಲಿ ಹಾಡುಗಾರ ಪ್ರಹ್ಲಾದ್ ಸಿಂಗ್ ಟಿಪಾನಿಯಾ ಕಬೀರ್ ಪಂಥದ ಮಹಂತರಾಗಲು ಒಪ್ಪಿದ್ದರಿಂದ ಎದ್ದ ಇಕ್ಕಟ್ಟಿದೆ. ಹಾಡಿದ್ದಕ್ಕೂ ಬದುಕಿದ್ದಕ್ಕೂ ತಾಳೆಯಾಗದ ಗಳಿಗೆಯಲ್ಲೂ ಕ್ಯಾಮೆರಾ ಮುಖ ತಿರುಗಿಸುವುದಿಲ್ಲ. ಈ ಕೆಲಸದ ನಡುವೆ ನಿರ್ದೇಶಕಿಯೇ ತಂಬೂರಿ ಹಿಡಿದು ಹಾಡಲು ಕಲಿತರು. ಹಾಡುವ ಮನೆಯಲ್ಲಿ ಊಟ ಮಾಡಿ, ಮಲಗಿ, ಎದ್ದು ತೆಗೆದ ಚಿತ್ರಗಳಿವು.

ದಾಖಲಿಸುವ ಚಟ ಈ ಜಿಲ್ಲೆಗೆ ಹೊಸದಲ್ಲ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದಾಗ ಅದು ಬೆಂಗಳೂರು ಗ್ರಾಮಾಂತರ ಜಿಲ್ಲೆಯೇ ಆಗಿತ್ತು. ರಾಮನಗರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಐಎಎಸ್ ಅಧಿಕಾರಿಯಾಗಿದ್ದ ಗೌಡರು ಹಾಡುವ ಮುದುಕಿಯರ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತವರು, ಆಮೇಲೆ ವಿಡಿಯೊ ಕ್ಯಾಮೆರಾವನ್ನೂ ತಂದವರು. ರಾಗಿ ಬೀಸುವ ಪದ, ಸೋಬಾನೆ, ತಂಬೂರಿ ಪದ ಎಲ್ಲ ಅಲ್ಲಿಯ ಭಂಡಾರಕ್ಕೆ ಸೇರಿದವು.

ಅಂಥ ಹಾಡಿನಿಂದ ಥಿಯೇಟರಿನಲ್ಲಿ ನೋಡುವಂಥ ಸಿನಿಮಾ ಆಗುತ್ತದೆಯೆ ಎಂದರೆ, ನಾಗಾಲ್ಯಾಂಡಿನಲ್ಲಿ ಆಗಿದೆ. ಅನುಷ್ಕಾ ಮೀನಾಕ್ಷಿ ಮತ್ತು ಈಶ್ವರ್ ಶ್ರೀಕುಮಾರ್ 2017ರಲ್ಲಿ ಮಾಡಿದ ‘ಅಪ್ ಡೌನ್ ಅಂಡ್ ಸೈಡ್‌ವೇಸ್’ ಚಿತ್ರದಲ್ಲಿ ಫೆಕ್ ಎಂಬ ಊರಿನವರು ಮೆಟ್ಟಿಲು ಗದ್ದೆಯಲ್ಲಿ ಕೆಸರು ಮೆಟ್ಟುತ್ತ, ನಾಟಿ ಮಾಡುತ್ತ, ಹೊರೆ ಹೊರುತ್ತ ಹಾಡುತ್ತಾರೆ. ಗುದ್ದಲಿ ಬೀಳುವುದೇ ತಾಳ, ಏದುಸಿರೂ ಸ್ವರದೊಳಗೇ. ವೇದಿಕೆ ಇಲ್ಲ, ವಿವರಣೆಯ ಗಂಭೀರ ಧ್ವನಿಯೂ ಇಲ್ಲ. ಕಳೆ ಕೀಳುವಾಗಿನ ಪದ ನಿಂತ ಹೊಲಗಳಲ್ಲಿ ಲೇಔಟಿನ ಕಲ್ಲು ನೆಡುತ್ತಿರುವ ನಮ್ಮ ಸೀಮೆಯವರು ಅದನ್ನೊಮ್ಮೆ ನೋಡಬೇಕು.

ಮುಂದಿನ ಸೀಸನ್ನಿಗೆ

ಇಷ್ಟೆಲ್ಲ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಅಭ್ಯಾಸ ಎದ್ದು ಕಾಣುತ್ತದೆ. ರಾಕ್ ಇರಲಿ, ಕಬೀರನ ಪದವಿರಲಿ, ಬಾಳುವ ಚಿತ್ರದ ಕ್ಯಾಮೆರಾ ಹಾಡುವವನ ಪಕ್ಕಕ್ಕೂ ತಿರುಗುತ್ತದೆ. ಕೇಳುವವರ ಕಡೆಗೆ, ನುಡಿಸುವವರ ಕಡೆಗೆ, ಶೌಚಾಲಯ ತೊಳೆಯುವವರ ಕಡೆಗೆ. ಇದಕ್ಕೆ ಕ್ರೇನು, ಡ್ರೋನು ಬೇಕಿಲ್ಲ.

ಹಳ್ಳಿಯ ನಾಟಕಕ್ಕೆ ಬೇಕಾದದ್ದು ಇಷ್ಟೇ. ಎರಡನೆಯದೊಂದು ಕ್ಯಾಮೆರಾ, ಫೋನಾದರೂ ಸರಿ, ಪೆಟ್ಟಿಗೆ ಮೇಷ್ಟ್ರು ಮತ್ತು ತಬಲಾದವರ ಕಡೆಗೆ ರಾತ್ರಿಯಿಡೀ. ಮಿಕ್ಸರಿನ ವೈರಿನ ಜತೆಗೆ ಜನರ ನಡುವೆ ಒಂದು ಮೈಕು. ಬರೀ ಮಿಕ್ಸರಿನ ಧ್ವನಿ ಹಿಡಿದರೆ ತಾರಸ್ಥಾಯಿ ಒಡೆದು ಕೇಳುತ್ತದೆ, ಊರಿನ ಉಸಿರು ಕೇಳುವುದಿಲ್ಲ. ಎರಡು ಕ್ಯಾಮೆರಾ ಆದಮೇಲೆ ಜೋಡಿಸಲು ಗುರುತೂ ಬೇಕು: ನಾಂದಿಗೆ ಮುಂಚೆ ಇಬ್ಬರಿಗೂ ಕಾಣುವಂತೆ ಒಂದು ಚಪ್ಪಾಳೆ ಹೊಡೆದರೆ ಸಾಕು. ಪೊಲಾಕ್ ಮರೆತದ್ದು ಅದೊಂದೇ. ಜತೆಗೆ ಪ್ರಾಕ್ಟೀಸಿನ ಒಂದೆರಡು ಸಂಜೆ, ಹೊಲದಿಂದ ಬಂದವನು ಕಾಲು ತೊಳೆದು ಕೃಷ್ಣನಾಗುವ ಹೊತ್ತು, ತಪ್ಪಿದ ಸ್ವರಕ್ಕೆ ಮೇಷ್ಟ್ರು ಬೈಯುವ ಬೈಗುಳ. ಕೊನೆಗೆ ವಿಡಿಯೊದ ಕೆಳಗೆ ಊರು, ತಾರೀಖು, ಎಲ್ಲರ ಹೆಸರು, ಪದ್ಯ ಯಾರಿಂದ ಬಂತು ಎಂಬ ವಿವರ. ಒಂದು ಪ್ರತಿ ಚಾನೆಲ್ಲಿನಲ್ಲಿ, ಇನ್ನೊಂದು ಊರಿನ ಗ್ರಂಥಾಲಯದಲ್ಲೋ ಶಾಲೆಯಲ್ಲೋ.

ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ. ಹಳೆಯ ಮಟ್ಟುಗಳು ನೋಟ್ ಪುಸ್ತಕದಲ್ಲಿ ಸಾಹಿತ್ಯವಾಗಿ ಉಳಿಯಬಹುದು. ಯಾವ ಪದಕ್ಕೆ ಎಲ್ಲಿ ಎಳೆಯಬೇಕು, ಯಾರ ಗಂಟಲಿಗೆ ಶ್ರುತಿ ಎಷ್ಟು ಇಳಿಸಬೇಕು ಎಂಬುದು ಅವರ ಬೆರಳಲ್ಲಷ್ಟೇ ಇದೆ. ಮುಂದಿನ ಸುಗ್ಗಿ ಕಳೆದು ಕಮಿಟಿಯವರು ಖರ್ಚಿನ ಪಟ್ಟಿ ಬರೆಯಲು ಕೂತಾಗ ಸೀನರಿ, ಲೈಟಿಂಗ್, ಪಟಾಕಿಯ ಕೆಳಗೆ ಎರಡನೇ ಕ್ಯಾಮೆರಾ ಎಂದೊಂದು ಸಾಲು ಸೇರಿಸಲಿ. ದುರ್ಯೋಧನನಾಗಲು ಸಾಲ ಮಾಡಿಯಾದರೂ ದುಡ್ಡು ಹೊಂದಿಸುವ ಊರಿಗೆ ಅದೇನೂ ದೊಡ್ಡ ಬಾಬತ್ತಲ್ಲ.